ಕಾಕಾನ ಪಾರ್ಟಿಯ ಸೂಜಿ

ಗ್ರಾಮ ಪಂಚಾಯತಿ ಚುನಾವಣೆ ಮುಗಿದ ಮೇಲೆ ನಮ್ಮೂರಲ್ಲಿ ಚಹಾ ಕುಡಿಯುವುದೂ ರಾಜಕೀಯವಾಗಿತ್ತು. ಶಿರವಾಳದ ದಾರಿಯಲ್ಲಿರುವ ಸಣ್ಣ ಊರು ನಮ್ಮದು. ಇರುವುದು ಎರಡೇ ಚಹಾದಂಗಡಿ. ಒಂದು ಗೆದ್ದವರದು, ಇನ್ನೊಂದು ಸೋತವರದು. ನಾನು ಎರಡು ಕಡೆಗೂ ಸಿಕ್ಕಿಬಿದ್ದಿದ್ದೆ. ಗೆದ್ದವನು ತೀರಿಹೋದ ನನ್ನ ಅಪ್ಪನ ದಾಯಾದಿ, ನನಗೆ ಕಾಕಾ. ಸೋತವನು ಅವ್ವನಿಗೆ ವರಸೆಯಲ್ಲಿ ತಮ್ಮ, ನನಗೆ ಮಾವ. ಮಾವ ಬೆರಳೆಣಿಕೆಯ ಮತಗಳಿಂದ ಸೋತ ದಿನದಿಂದ ಅವ್ವ ಕಾಕಾನ ಜತೆ ಮಾತು ಬಿಟ್ಟಿದ್ದಳು. ಬೀದಿಯಲ್ಲಿ ಎದುರಾದರೆ ಸೆರಗೆಳೆದುಕೊಂಡು ಗೋಡೆ ನೋಡುತ್ತಿದ್ದಳು.

ಅಷ್ಟರಲ್ಲಿ ಕೊರೋನಾದ ಎರಡನೇ ಅಲೆ ಬಂತು. ಊರ ಶಾಲೆಯ ಶಿಕ್ಷಕಿಯಾದ ನನಗೆ ಮನೆಮನೆ ತಿರುಗಿ ಜನರನ್ನು ಲಸಿಕೆಗೆ ಒಪ್ಪಿಸುವ ಕೆಲಸ ಬಿತ್ತು. ಶಹಾಪುರದಿಂದ ನರ್ಸಮ್ಮನ ಗಾಡಿ ಬಂತೆಂದರೆ ಜನ ಕಾಲುವೆಯಾಚೆಗೆ ಓಡುತ್ತಿದ್ದರು. ಸೂಜಿ ಚುಚ್ಚಿಸಿಕೊಂಡವರು ಎರಡು ದಿನದಲ್ಲಿ ಸಾಯುತ್ತಾರೆ ಎಂದು ಯಾರದೋ ಫೋನಿನಲ್ಲಿ ಬಂದದ್ದು ಊರಿಗೆಲ್ಲ ಬಾಯಿಪಾಠವಾಗಿತ್ತು. ಇಷ್ಟು ವರ್ಷ ನಾನು ಕಲಿಸಿದ ಮಗ್ಗಿ ಯಾರಿಗೂ ಇಷ್ಟು ಬೇಗ ಬಂದದ್ದಿಲ್ಲ.

ಮೊದಲು ಲಸಿಕೆಯ ಕುರ್ಚಿಯಲ್ಲಿ ಕೂತವನು ಕಾಕಾ. ಚುನಾವಣೆಯಲ್ಲಿ ಎದೆ ಸೆಟೆಸಿ ತಿರುಗಿದ ಮನುಷ್ಯ ಗುಡಿಯ ಕಟ್ಟೆಯ ಮುಂದೆ ಕಣ್ಣು ಗಟ್ಟಿಯಾಗಿ ಮುಚ್ಚಿ, ನನ್ನ ಕೈಯನ್ನು ಮುರಿಯುವಂತೆ ಹಿಡಿದುಕೊಂಡ. ಮುಗಿದ ಮೇಲೆ, “ಏನೂ ಇಲ್ಲ ನೋಡ್ರಿ,” ಎಂದು ನಕ್ಕ. ಹಣೆಯ ಬೆವರು ಮಾತ್ರ ಒರೆಸಿಕೊಳ್ಳಲು ಮರೆತಿದ್ದ. ನರ್ಸಮ್ಮ ಮತ್ತೆ ಬಂದಾಗ ಕಾಕಾನ ಕಡೆಯವರೆಲ್ಲ ಸಾಲಾಗಿ ನಿಂತರು. ಮಾವನ ಕಡೆಯವರು ಒಬ್ಬರೂ ಬರಲಿಲ್ಲ.

“ಟೀಚರ್ರ, ಮೊದಲ ನಿಮ್ಮವ್ವಗ ಹಾಕಸ್ರಿ. ಆಮ್ಯಾಲ ನಮಗ ಹೇಳಾಕ ಬರ್ರಿ,” ಎಂದು ಒಬ್ಬಳು ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು. ನನಗೆ ಉರಿದುಹೋಯಿತು. ಆದರೆ ಅವಳು ಹೇಳಿದ್ದು ಖರೆ. ಅವ್ವನಿಗೆ ಮೊದಲಿನಿಂದಲೂ ದಮ್ಮು. ಈ ರೋಗ ತಗುಲಿದರೆ ಇವರ ಎದೆ ತಡೆಯುವುದು ಕಷ್ಟ ಎಂದು ಶಹಾಪುರದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಆ ಮಾತು ನನ್ನ ನಿದ್ದೆ ಕೆಡಿಸಿತ್ತು. ನನಗಿದ್ದವಳು ಅವಳೊಬ್ಬಳೇ.

“ಅದು ಅವರ ಪಾರ್ಟಿ ಸೂಜಿ. ನಾ ಯಾಕ ಚುಚ್ಚಿಸಿಕೊಳ್ಳಲಿ?” ಎಂದಳು ಅವ್ವ.

“ಸೂಜಿಗೂ ಪಾರ್ಟಿ ಇರತದೇನವ್ವಾ?”

“ನಿನ್ನ ಮಾವ ಹಾಕಿಸಿಕೊಂಡಾನೇನು? ಮತ್ತ?”

ಕೂಗಾಡಿದೆ, ಅತ್ತು ಕರೆದೆ, ಒಂದು ಹೊತ್ತು ಉಪವಾಸವನ್ನೂ ಮಾಡಿದೆ. ಅವಳು ನನ್ನ ಪಾಲಿನ ರೊಟ್ಟಿಯನ್ನು ಎಮ್ಮೆಗೆ ಹಾಕಿದಳು.

ಇದನ್ನು ಕಾಕಾನಿಗೆ ಹೇಳಿದಾಗ ಅವನು ಹೆಗಲ ಮೇಲೆ ಟವೆಲ್ ಹಾಕಿಕೊಂಡು, “ನಡಿಯವ್ವ, ನಿಮ್ಮ ಮಾವನ ಮನಿಗಿ ಹೋಗೂನು,” ಎಂದ. ಗೆದ್ದವನು ಸೋತವನ ಮನೆಗೆ ತಾನಾಗಿ ಹೋದದ್ದನ್ನು ನಮ್ಮೂರು ಅಲ್ಲಿಯವರೆಗೆ ನೋಡಿರಲಿಲ್ಲ. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

ಮಾವ ಹೊರಸಿನ ಮೇಲೆ ಕೂತಿದ್ದ. ಬಾ ಎನ್ನಲಿಲ್ಲ, ಕೂಡು ಎನ್ನಲಿಲ್ಲ. ಅವನ ಹೆಂಡತಿ, ನನ್ನ ಅತ್ತೆ ಮಾತ್ರ ತಂಬಿಗೆಯಲ್ಲಿ ನೀರು ತಂದಿಟ್ಟಳು. ಕಾಕಾ ನಿಂತೇ ಹೇಳಿದ:

“ಗೆದ್ದೀನಿ ಖರೆ. ಆದ್ರ ಅರ್ಧ ಊರು ನನ್ನ ಮಾತು ಕೇಳಂಗಿಲ್ಲ. ಆ ಅರ್ಧಕ್ಕ ನೀನ ಮೆಂಬರ. ಅವರು ಸತ್ರ ನಾ ಯಾರಿಗಿ ಮೆಂಬರ ಆಗ್ಲಿ?”

ಮಾವ ನೆಲ ನೋಡಿದ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, “ಬಾಳ ನೋವಾಗತದೇನವ್ವ?” ನಾನು ಬಾಯಿ ತೆರೆಯುವ ಮೊದಲೇ ತಾನೇ ಅಂದ, “ಸೋತದ್ದಕ್ಕಿಂತ ಹೆಚ್ಚೇನು ಇರಂಗಿಲ್ಲ, ಬಿಡು.” ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಕಾಕಾ ಕೂತ.

ಮಾವ ಸೂಜಿ ಹಾಕಿಸಿಕೊಂಡವನು ತನ್ನ ಮನೆಗೆ ಹೋಗಲಿಲ್ಲ. ಅಂಗಿಯ ತೋಳು ಮಡಚಿಕೊಂಡೇ ನಮ್ಮ ಮನೆಗೆ ಬಂದು, ಪಡಸಾಲೆಯಲ್ಲಿ ಕಂಬಳಿ ಹಾಸಿ ಮಲಗಿದ. “ಯಕ್ಕಾ, ಎರಡು ದಿನದಾಗ ಸಾಯತಾರಂತಲ್ಲ. ನಿನ್ನ ಕಣ್ಣಮುಂದನ ಇರತೀನಿ. ಸತ್ರ ನೀನ ಅಳು,” ಎಂದ. ಸಂಜೆಗೆ ಅವನಿಗೆ ಜ್ವರವೂ ಬಂತು. ಅವ್ವ ಗಾಬರಿಯಾಗಿ ನನ್ನನ್ನು, ಸರಕಾರವನ್ನು, ಕಾಕಾನನ್ನು ಒಂದೇ ಉಸಿರಿನಲ್ಲಿ ಬೈದಳು. ಗಂಜಿ ಕಾಯಿಸಿ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಮಾವ ನರಳುತ್ತಲೇ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಮೂರನೆಯ ದಿನ ಬೆಳಿಗ್ಗೆ ಅವನು ಎದ್ದು ಕೂತು, ರೊಟ್ಟಿಗೆ ಶೇಂಗಾ ಚಟ್ನಿ ಕೇಳಿದ. ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದಾಗ ಅವ್ವ, “ಸಾಯೋ ಮನಶ್ಯಾನ ಊಟೇನೋ ಇದು?” ಎಂದು ಎದ್ದು ಸೆರಗು ಸರಿಮಾಡಿಕೊಂಡಳು. ಅವತ್ತು ಅವಳ ಹಿಂದೆ ಇಡೀ ಓಣಿ ಸೂಜಿ ಹಾಕಿಸಿಕೊಳ್ಳಲು ಗುಡಿಗೆ ಬಂತು.

ಮಳೆ ಶುರುವಾಗುವ ಹೊತ್ತಿಗೆ ನಮ್ಮ ಮನೆಗೂ ರೋಗ ಬಂತು. ಅವ್ವನಿಗೆ ಉಸಿರು ಸಿಗದಂತಾಯಿತು. ಯಾರೂ ಗಾಡಿ ಕೊಡದಿದ್ದಾಗ ಕಾಕಾ ತನ್ನ ಜೀಪು ತಂದ. ಅವ್ವನನ್ನು ಎತ್ತಿ ಒಳಗೆ ಮಲಗಿಸಿದವನು ಮಾವ. ಯಾದಗಿರಿ ಮುಟ್ಟುವವರೆಗೂ ಕಾಕಾ ಜೀಪು ಓಡಿಸುತ್ತಲೇ, ಮಾವನ ಕೈಯಿಂದ ಒಂದೇ ಸಮನೆ ಯಾರ‍್ಯಾರಿಗೋ ಫೋನು ಹಚ್ಚಿಸುತ್ತ, “ಒಂದು ಬೆಡ್ಡು ಕೊಡ್ರಿ, ನಮ್ಮ ವೈನಿ ಅದಾರ,” ಎಂದು ಬೇಡುತ್ತಿದ್ದ. ತನ್ನ ಜತೆ ಮಾತು ಬಿಟ್ಟಿದ್ದ ಅತ್ತಿಗೆಗಾಗಿ ಅವನು ಬೇಡುವುದನ್ನು ಕೇಳುತ್ತ ನಾನು ಹಿಂದಿನ ಸೀಟಿನಲ್ಲಿ ಅತ್ತುಬಿಟ್ಟೆ. ಬೆಡ್ಡು ಸಿಕ್ಕಿತು, ಆಕ್ಸಿಜನ್ನೂ ಸಿಕ್ಕಿತು. ಲಸಿಕೆ ಬಿದ್ದಿದ್ದರಿಂದ ಉಳಿದರು ಎಂದರು ಅಲ್ಲಿಯ ಡಾಕ್ಟರು. ಕಾಕಾ, ಮಾವ ಇಬ್ಬರ ಋಣವೂ ನನ್ನ ಮೇಲಿದೆ. ಅದನ್ನು ತೀರಿಸುವ ದಾರಿ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಮರಳಿದ ದಿನ ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಾಕಾ ಬಾಗಿಲ ಹೊರಗೇ ನಿಂತಿದ್ದ. ಅವ್ವ ಗೋಡೆ ನೋಡಲಿಲ್ಲ, ಅವನನ್ನೇ ನೋಡಿದಳು.

“ಒಳಗ ಬರ್ರಿ, ಮೆಂಬರ್ರ,” ಎಂದಳು. ಉಸಿರು ತಿರುಗಿಸಿಕೊಂಡು ಮತ್ತೆ ಹೇಳಿದಳು, “ಆದ್ರ ನನ್ನ ಓಟು ಮಾತ್ರ ನನ್ನ ತಮ್ಮಗನ. ಹೇಳಿರತೀನಿ.”

ಕಾಕಾ ನಗಲು ಹೋದ, ಆಗಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಅವನಿಗೇ ಹಾಕ್ರಿ ವೈನಿ,” ಎಂದ. “ನೀವು ಹಾಕಾಕ ಇದ್ರ ಸಾಕು.”