ಮಿಸ್ ಕೂಲ್ ನಿಲ್ಲುವ ಸಾಲು

“ಮಿಸ್, ಆ ಕಾಲದಲ್ಲಿ ನೀವು ಇಲ್ಲಿಗೆ ಬಂದಿದ್ರೆ ನಿಮ್ಮನ್ನ ಯಾವ ಸಾಲಲ್ಲಿ ನಿಲ್ಲಿಸ್ತಿದ್ರು?”

೨೦೦೮ರಲ್ಲಿ, ಹ್ಯೂಸ್ಟನ್ನಿನ ಶಾಲೆಯೊಂದರಲ್ಲಿ ಕೀಶಾ ಎಂಬ ಆಫ್ರಿಕನ್ ಅಮೆರಿಕನ್ ಹುಡುಗಿ ಹೀಗೆ ಕೇಳಿದಾಗ ತಬ್ಬಿಬ್ಬಾದೆ. ಧಾರವಾಡದಲ್ಲಿ ನಾವು ಮಾಸ್ತರರನ್ನು ಹೀಗೆ ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲಿ ನಾನು ‘ಸಬ್’, ಅಂದರೆ ರಜೆ ಹಾಕಿದ ಟೀಚರ ಬದಲಿಗೆ ಪಾಠ ಮಾಡುವವಳು. ಅಂದಿನದು ಇತಿಹಾಸದ ಕ್ಲಾಸು. ಕುಲಕರ್ಣಿ ಎಂಬ ಹೆಸರು ಮಕ್ಕಳ ನಾಲಿಗೆಯಲ್ಲಿ ಹೊರಳದೆ ‘ಮಿಸ್ ಕೂಲ್’ ಆಗಿತ್ತು. ನನಗೂ ಹಿಡಿಸಿದ್ದರಿಂದ ತಿದ್ದಲು ಹೋಗಿರಲಿಲ್ಲ.

ಪುಸ್ತಕ ತೆರೆದೇ ಇತ್ತು. ಎಲ್ಲರೂ ಸಮಾನರು ಎಂದು ಸಾರಿದ ದೇಶದಲ್ಲೇ, ಪ್ರತಿನಿಧಿಗಳ ಸಂಖ್ಯೆ ಗೊತ್ತುಮಾಡುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಿದರು. ಆ ಗುಲಾಮರಿಗೆ ವೋಟು ಮಾತ್ರ ಕೊಡಲಿಲ್ಲ. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗಷ್ಟೇ ಪೌರತ್ವ.

“ನನಗೆ ಸಾಲೇ ಇರಲಿಲ್ಲ ನೋಡು,” ಎಂದೆ. ಅಷ್ಟಕ್ಕೆ ಬಿಡುವವಳೇ ನಾನು? ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲಿ ಮೊದಲ ಚುನಾವಣೆಗೇ ಗಂಡು ಹೆಣ್ಣು, ಜಾತಿ ಗೀತಿ ಎನ್ನದೆ ಎಲ್ಲರಿಗೂ ವೋಟು ಬಂತು, ನನ್ನಜ್ಜಿಯೂ ಅವಳ ಅಂಗಳ ಗುಡಿಸುತ್ತಿದ್ದ ದುರ್ಗವ್ವನೂ ಒಂದೇ ಸಾಲಿನಲ್ಲಿ ನಿಂತಿದ್ದರು ಎಂದು ಬೀಗಿದೆ.

“ಆಮೇಲೆ ಇಬ್ರೂ ಒಟ್ಟಿಗೆ ಊಟ ಮಾಡಿದ್ರಾ?” ಎಂದಳು ಕೀಶಾ.

ಅವಳ ಮಾತಿನಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. “ಇಲ್ಲ. ಅಜ್ಜಿ ಮನೆಗೆ ಬಂದು ಸ್ನಾನ ಮಾಡಿದಳು. ಸಾಲಿನಲ್ಲಿ ದುರ್ಗವ್ವನ ಮೈ ತಾಗಿತ್ತು,” ಎಂದೆ. ನಮ್ಮ ಮನೆಯಲ್ಲಿ ನಗುನಗುತ್ತ ಹೇಳುತ್ತಿದ್ದ ಕತೆಯದು. ಇಂಗ್ಲಿಷಿನಲ್ಲಿ ಹೇಳುವಾಗ ನಾಚಿಕೆಯಾಯಿತು. ಕೀಶಾಳಿಗೆ ಮುಂದೆ ವಿವರಿಸುವ ಅಗತ್ಯವೇ ಬೀಳಲಿಲ್ಲ.

“ಈ ಸಲ ನೀವು ವೋಟ್ ಹಾಕ್ತೀರಾ, ಮಿಸ್?”

ಶುಕ್ರವಾರ ಪೌರತ್ವದ ಪ್ರಮಾಣವಚನವಿದೆ, ತೆಗೆದುಕೊಂಡರೆ ನನ್ನೂರಿನ ವೋಟು ಹೋಗುತ್ತದೆ, ಅದಕ್ಕೇ ಯೋಚಿಸುತ್ತಿದ್ದೇನೆ ಎಂದೆ.

“ನಮ್ಮಜ್ಜಿ ಇಲ್ಲೇ ಟೆಕ್ಸಸ್‌ನಲ್ಲಿ ಹುಟ್ಟಿದೋಳು. ವೋಟ್ ಹಾಕೋಕೆ ತೆರಿಗೆ ಕಟ್ಟಬೇಕಿತ್ತಂತೆ. ಕಟ್ಟೋಕಾಗ್ದೆ ಮನೇಲೇ ಕೂತಿರ್ತಿದ್ಲು. ನಿಮಗೆ ಕರೆದು ಕೊಡ್ತಿದಾರೆ, ನೀವು ಯೋಚನೆ ಮಾಡ್ತಿದೀರಾ?”

ಸಂಜೆ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ನಮ್ಮ ಮನೆಯಲ್ಲಿ ಭಕ್ರಿ ಬಡಿಯುತ್ತ ಇದನ್ನೆಲ್ಲ ಗಂಡನಿಗೆ ಹೇಳಿದೆ. ನನಗಿಂತ ಮೊದಲೇ ಪ್ರಮಾಣ ಮಾಡಿ ಮುಗಿಸಿದ್ದ ಅವರು ನಕ್ಕರು.

“ಇಷ್ಟು ದಿನ ನಾ ಬಡಕೊಂಡೆ, ಕೇಳಲಿಲ್ಲ. ಆ ಹುಡುಗಿ ಮಾತು ನಾಟ್ತೇನು?”

“ಆಕಿ ಕೇಳಿಧಾಂಗ ನೀವು ಕೇಳಲಿಲ್ರಿ.”

ಶುಕ್ರವಾರ ಬಲಗೈ ಎತ್ತಿದೆ. ಬೇರೆ ದೇಶದ ನಿಷ್ಠೆಯನ್ನೆಲ್ಲ ತೊರೆಯುತ್ತೇನೆ ಎಂಬ ಸಾಲನ್ನೂ ಹೇಳಿ ಮುಗಿಸಿದೆ. ನವೆಂಬರಿನಲ್ಲಿ ವೋಟು ಹಾಕಿ ಬಂದು ಕಾರಿನಲ್ಲಿ ಕೂತು ದುರ್ಗವ್ವನನ್ನೂ, ನಾನು ಕಂಡೇ ಇರದ ಕೀಶಾಳ ಅಜ್ಜಿಯನ್ನೂ ನೆನೆದೆ. ಅವರಿಬ್ಬರಿಗೂ ನಾನು ಲೆಕ್ಕ ಒಪ್ಪಿಸಬೇಕು ಅನ್ನಿಸಿತು. ಹೆಮ್ಮೆಯೂ ಆಗಿತ್ತು, ಅದನ್ನೇಕೆ ಮುಚ್ಚಿಡಲಿ?

ಕೆಲವು ತಿಂಗಳ ಮೇಲೆ ಧಾರವಾಡದಿಂದ ತಂಗಿಯ ಫೋನು ಬಂತು. ಅಲ್ಲೂ ಚುನಾವಣೆ.

“ಅಕ್ಕಾ, ಮತದಾರರ ಪಟ್ಟಿ ತಿದ್ಲಿಕ್ಕೆ ಸಾಲಿ ಮಾಸ್ತರ್ರು ಮನೀಗೆ ಬಂದು ಕೂತಾರ. ನಿನ್ನ ಹೆಸರು ಇನ್ನೂ ಅದ. ತಗದ ಬಿಡ್ರಿ ಅಂತ ಹೇಳ್ಲೇನು?”

ಹೂಂ ಎನ್ನಬೇಕಿತ್ತು.

“ಮೊದಲ ಅವರಿಗೆ ಚಹಾ ಕೊಡು,” ಎಂದೆ.