ಕೆಂಪಮ್ಮ ಬೋರಲು ಹಾಕಿದ ತಟ್ಟೆ

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವ ಹೆಂಗಸು ನಾನಲ್ಲ. ಕನಸಿನಲ್ಲಿ ಅತ್ತೆ ಬಂದು ಹೇಳಿದರು, ಹಲ್ಲಿ ನುಡಿಯಿತು ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದುಹೋಗಿ ಪಾತ್ರೆ ತೊಳೆಯುವವಳು. ಊರ್ಡಿಗೆರೆಯಲ್ಲಿ ನಮ್ಮ ಪಕ್ಕದ ಮನೆಯವರ ಹಸು ಕಳೆದಾಗ ಅವರು ಶಾಸ್ತ್ರ ಕೇಳಿಸಿ ಎರಡು ದಿನ ಮೂಡಲ ದಿಕ್ಕಿಗೆ ಅಲೆದರು. ಹಸು ನಮ್ಮ ತೆಂಗಿನ ತೋಟದ ಹಿಂದೆ ಹುಲ್ಲು ಮೇಯುತ್ತಿತ್ತು. ನಾನೇ ಹೊಡೆದುಕೊಂಡು ಬಂದು ಕಟ್ಟಿದೆ.

ನಂಬದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ತುಮಕೂರಿನ ಮರಳೂರಿನಲ್ಲಿ ಮನಸ್ಸಿನ ಕಾಯಿಲೆಯ ಹೆಂಗಸರು ಉಳಿದುಕೊಂಡಿದ್ದ ಒಂದು ಮನೆಯಲ್ಲಿ ನಾನು ಹದಿನಾರು ವರ್ಷ ಅಡುಗೆ ಮಾಡಿದೆ. ಅಲ್ಲಿಗೆ ಬಂದ ಎಷ್ಟೋ ಜನರನ್ನು ಅವರ ಮನೆಯವರು ಮೊದಲು ಮಂತ್ರ ಹಾಕಿಸಿ, ತಾಯಿತ ಕಟ್ಟಿಸಿ, ಬರೆ ಎಳೆಸಿ, ಏನೂ ಆಗದಿದ್ದಾಗ ಕರೆತಂದು ಬಿಟ್ಟಿದ್ದರು. ಆ ಬರೆಗಳಿಗೆ ಎಣ್ಣೆ ಹಚ್ಚಿದ ಕೈ ನನ್ನದು. ಮಾತ್ರೆ, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಇಷ್ಟರಲ್ಲೇ ನನಗೆ ನಂಬಿಕೆ. ಹಾಗಿದ್ದೂ ಆ ಮನೆ ಮುಚ್ಚಿದ ದಿನ ನಾನು ಕಣ್ಣಾರೆ ನೋಡಿದ್ದು ಏನೆಂದು ಇವತ್ತಿಗೂ ನನಗೆ ತಿಳಿದಿಲ್ಲ. ನಾನು ಓದಿರುವುದು ನಾಲ್ಕನೇ ಕ್ಲಾಸು. ನಾನು ಬರೆದದ್ದರಲ್ಲಿ ಕಾಗುಣಿತ ತಪ್ಪಿದ ಕಡೆ ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ಆ ಮನೆಯಲ್ಲಿ ಕೆಂಪಮ್ಮ ಎಂಬುವಳಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಅಲ್ಲಿದ್ದವಳು. ಅವಳ ಕೆಲಸ ತಟ್ಟೆ ಹಾಕುವುದು. ಯಾರೂ ಹೇಳಿದ ಕೆಲಸವಲ್ಲ, ಅವಳೇ ಹಿಡಿದದ್ದು. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಜಗಲಿಯ ಗೋಡೆಯುದ್ದಕ್ಕೂ ಒಂದೇ ಸಾಲಿನಲ್ಲಿ ಸ್ಟೀಲ್ ತಟ್ಟೆಗಳನ್ನು ಬೋರಲು ಹಾಕುತ್ತಿದ್ದಳು. ಪ್ರತಿ ತಟ್ಟೆಯ ಹೊರ ಅಂಚಿನ ಮೇಲೂ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸಿತ್ತು. ಅವಳಿಗೆ ಓದಲು ಬಾರದು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ಇದು ಇಂಥವರದು ಎಂದು ಗುರುತು ಹಿಡಿಯುತ್ತಿದ್ದಳು, ಒಂದು ದಿನವೂ ತಪ್ಪಿದ್ದಿಲ್ಲ. ಒಂದು ಕಡೆ ಸೊಟ್ಟಗಾದ ನನ್ನ ತಟ್ಟೆಯನ್ನೂ ಸಾಲಿನ ಕೊನೆಯಲ್ಲಿ, ಅಡುಗೆಮನೆ ಬಾಗಿಲ ಪಕ್ಕ ಇಡುತ್ತಿದ್ದಳು.

ಬೋರಲು ಹಾಕಿದ ತಟ್ಟೆಯನ್ನು ಅವರವರೇ ಎತ್ತಿ ಮಗುಚಬೇಕು. ಮಗುಚಿದರೆ ಬಡಿಸುವುದು, ಇಲ್ಲದಿದ್ದರೆ ಇಲ್ಲ. ಇದು ತಿಳಿಯದೆ ಸೇರಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಅಡುಗೆ ತಡವಾಗಿತ್ತು, ಬೇಗ ಆಗಲಿ ಎಂದು ಎಲ್ಲ ತಟ್ಟೆಗಳನ್ನೂ ನಾನೇ ಮಗುಚಿ ಮುದ್ದೆ ಇಟ್ಟೆ. ಅರ್ಧಕ್ಕರ್ಧ ಜನ ಮುಟ್ಟಲಿಲ್ಲ.

“ಅವ್ರವ್ರ ತಟ್ಟೆ ಅವ್ರವ್ರೇ ಎತ್ಕಬೇಕು ಕಣೇ,” ಎಂದಳು ಕೆಂಪಮ್ಮ. “ನೀನೇ ಮಗ್ಚಿದ್ಯಲ್ಲ, ನೀನೇ ಉಣ್ಣು, ಅಷ್ಟ್ನೂವೆ.”

ಮುದ್ದೆಗಳನ್ನೆಲ್ಲ ತಪ್ಪಲೆಗೆ ಹಾಕಿಕೊಂಡು, ತಟ್ಟೆ ತೊಳೆದು, ಮತ್ತೆ ಬೋರಲು ಹಾಕಿಸಿದೆ. ಆಗ ಸಿಟ್ಟು ಬಂದಿತ್ತು. ಯೋಚನೆ ಮಾಡಿದ ಮೇಲೆ ಅವಳು ಹೇಳಿದ್ದೇ ಸರಿ ಅನ್ನಿಸಿತು. ಯಾವಾಗ ಏಳಬೇಕು, ಯಾವಾಗ ಮಲಗಬೇಕು, ಯಾವ ಮಾತ್ರೆ ನುಂಗಬೇಕು, ಎಲ್ಲವನ್ನೂ ಅವರಿಗೆ ಬೇರೆಯವರು ಹೇಳುತ್ತಿದ್ದರು. ಇವತ್ತು ಉಣ್ಣುತ್ತೇನೋ ಇಲ್ಲವೋ ಎನ್ನುವುದೊಂದೇ ಅವರ ಕೈಯಲ್ಲಿದ್ದದ್ದು. ಅದನ್ನು ಕಾಪಾಡಿದವಳು ಕಾಯಿಲೆಯವಳಾದ ಕೆಂಪಮ್ಮ, ತಲೆ ನೆಟ್ಟಗಿದ್ದ ನಾನಲ್ಲ.

ಭಾಗ್ಯ ಎಂಬ ಇನ್ನೊಬ್ಬಳಿದ್ದಳು, ನಲವತ್ತರ ಹೆಂಗಸು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವಳು, ಊರು ಯಾವುದೆಂದು ಹೇಳಲಾರಳು. ಅವಳು ತಟ್ಟೆ ಮಗುಚುತ್ತಿದ್ದಳು, ಆದರೆ ಉಣ್ಣುತ್ತಿದ್ದದ್ದು ಕೆಂಪಮ್ಮ ತುತ್ತು ಮುರಿದು ಬಾಯಿಗಿಟ್ಟರೆ ಮಾತ್ರ. ಕೆಂಪಮ್ಮನ ಕಣ್ಣಿನ ಆಪರೇಷನ್ ಆದಾಗ ಮೂರು ದಿನ ಅವಳು ಆಸ್ಪತ್ರೆಯಲ್ಲಿದ್ದಳು. ಮೂರು ದಿನವೂ ಭಾಗ್ಯ ನೀರು ಬಿಟ್ಟು ಏನೂ ತೆಗೆದುಕೊಳ್ಳಲಿಲ್ಲ. ನಾನು ಗದರಿದೆ, ಅಲ್ಲಿನ ನರ್ಸ್ ವಿಮಲಾ ಸಿಸ್ಟರ್ ಮುದ್ದು ಮಾಡಿದರು, ಯಾವುದಕ್ಕೂ ಬಾಯಿ ಬಿಡಲಿಲ್ಲ. ಮೂರನೇ ದಿನ ಡ್ರಿಪ್ ಹಾಕಿಸಬೇಕಾಯಿತು.

ಮನೆ ನಡೆಸುತ್ತಿದ್ದ ಹಿರಿಯರು ತೀರಿಹೋದ ಮೇಲೆ ಕಟ್ಟಡ ಬೇರೆಯವರ ಪಾಲಾಯಿತು. ಖಾಲಿ ಮಾಡಬೇಕೆಂದು ಕಾಗದ ಬಂತು. ಮೂವರನ್ನು ಮನೆಯವರು ಬಂದು ಕರೆದುಕೊಂಡು ಹೋದರು. ಹತ್ತೊಂಬತ್ತು ಜನ ಉಳಿದರು. ವಿಮಲಾ ಸಿಸ್ಟರ್ ಎರಡು ತಿಂಗಳು ಓಡಾಡಿ ಗುಬ್ಬಿಯ ಒಂದು ಆಶ್ರಯಮನೆಯಲ್ಲಿ ಹತ್ತು, ಕುಣಿಗಲ್ಲಿನ ಇನ್ನೊಂದರಲ್ಲಿ ಒಂಬತ್ತು ಜಾಗ ಮಾಡಿಸಿದರು. ಆಯಮ್ಮನ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಎರಡೂ ಕಡೆ ಹೋಗಿ ಕಕ್ಕಸಿನ ಬಾಗಿಲಿಗೆ ಚಿಲಕ ಇದೆಯೇ ಎಂದು ಕೂಡ ನೋಡಿ ಬಂದರು. ಒಂದು ಸ್ಕೂಲ್ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ ಬರೆದರು. ಇವರಿಗೆ ಕತ್ತಲಾದರೆ ಭಯ, ದೀಪ ಇರಲಿ. ಇವರ ಸೆರಗು ಹಿಡಿದು ಎಳೆಯಬೇಡಿ. ಭಾಗ್ಯಳ ಪುಟದಲ್ಲಿ ಏನು ಬರೆದಿರಿ ಎಂದು ಕೇಳಿದ್ದಕ್ಕೆ ಪೆನ್ನು ಕೆಳಗಿಟ್ಟರು.

ಏಕೆಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಅನುಕೂಲ ಕುಣಿಗಲ್ಲಿನಲ್ಲಿತ್ತು, ಗಟ್ಟಿಮುಟ್ಟಾದವರು ಗುಬ್ಬಿಗೆ. ಹಾಗೆಂದರೆ ಕೆಂಪಮ್ಮ ಕುಣಿಗಲ್ಲಿಗೆ, ಭಾಗ್ಯ ಗುಬ್ಬಿಗೆ. ಸಿಸ್ಟರ್ ಎರಡು ಕಡೆಗೂ ಫೋನ್ ಮಾಡಿ ಬೇಡಿಕೊಂಡರು. ಕುಣಿಗಲ್ಲಿನಲ್ಲಿ ಹತ್ತನೇ ಮಂಚಕ್ಕೆ ಜಾಗವಿಲ್ಲ. ಗುಬ್ಬಿಯವರು ಕೆಂಪಮ್ಮನ ವಯಸ್ಸು ಕೇಳಿ ಆಗುವುದಿಲ್ಲ ಎಂದರು. ಯಾರನ್ನು ಬೈಯೋಣ? ಅವರು ಹೇಳಿದ್ದೂ ಸುಳ್ಳಲ್ಲ. ನನ್ನ ತಲೆಯಲ್ಲಿ ಮಾತ್ರ ಒಂದೇ ಲೆಕ್ಕ ಓಡುತ್ತಿತ್ತು. ಮೂರು ದಿನಕ್ಕೆ ಡ್ರಿಪ್, ಮೂವತ್ತು ದಿನಕ್ಕೆ ಏನು?

ಹೊರಡುವ ಹಿಂದಿನ ದಿನ ಸಿಸ್ಟರ್ ತಮ್ಮ ಮನೆಯಲ್ಲಿ ಕೂತು ಪಟ್ಟಿ ಬರೆದು ಎರಡು ಕಡೆಗೂ ಕಳಿಸಿದರು. ನಮ್ಮಲ್ಲಿ ಯಾರಿಗೂ ಓದಿ ಹೇಳಲಿಲ್ಲ. ಮೊದಲೇ ಹೇಳಿದರೆ ಗಲಾಟೆಯಾಗುತ್ತದೆ, ನಾಳೆ ಊಟವಾದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳುತ್ತೇನೆ ಎಂದರು. ಕೊನೆಯ ದಿನ, ಒಬ್ಬಟ್ಟು ಮಾಡಲೇ ಎಂದೆ. ಬೇಡ, ದಿನದ ಹಾಗೇ ಇರಲಿ ಎಂದರು. ಮುದ್ದೆ, ಸೊಪ್ಪಿನ ಸಾರು ಮಾಡಿದೆ. ಬಟ್ಟೆಯ ಗಂಟುಗಳೆಲ್ಲ ಒಂದೇ ರೂಮಿನಲ್ಲಿ ಒಟ್ಟಿದ್ದವು.

ಹನ್ನೆರಡೂವರೆಗೆ ಸಾರಿನ ಪಾತ್ರೆ ಹಿಡಿದು ಹೊರಗೆ ಬಂದರೆ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಗೋಡೆಯ ಪಕ್ಕ ಒಂದು ಸಾಲು, ಕಂಬಗಳ ಪಕ್ಕ ಇನ್ನೊಂದು ಸಾಲು. ಎಲ್ಲ ಬೋರಲು.

“ಏನ್ಲೇ ಕೆಂಪಮ್ಮ, ಮದ್ವೆ ಪಂಕ್ತಿ ಮಾಡಿದ್ದೀಯ? ನಡೂಕೆ ನಾನು ಹೆಂಗೆ ಓಡಾಡ್ಲಿ?” ಎಂದೆ.

“ಅವ್ರು ಆ ಕಡೆ ಹೋಗೋರು, ಇವ್ರು ಈ ಕಡೆ ಹೋಗೋರು. ನೀನು ಹೋಗಿ ಮುದ್ದೆ ಕಟ್ಟು.”

ಸಿಸ್ಟರ್ ಆಫೀಸ್ ರೂಮಿನ ಬಾಗಿಲಲ್ಲಿ ನಿಂತು ಇದನ್ನು ಕೇಳಿದರು. ಒಳಗೆ ಹೋಗಿ ಬ್ಯಾಗಿನಿಂದ ಪಟ್ಟಿ ತಂದರು. ಒಂದೊಂದು ತಟ್ಟೆಯ ಹತ್ತಿರವೂ ಬಗ್ಗಿ, ಹೆಸರು ಓದಿ, ಪಟ್ಟಿ ನೋಡಿ ಮುಂದೆ ಹೋದರು. ಗೋಡೆ ಕಡೆ ಹತ್ತು, ಕಂಬದ ಕಡೆ ಒಂಬತ್ತು. ಗೋಡೆ ಕಡೆಯವರು ಗುಬ್ಬಿಯವರು, ಕಂಬದ ಕಡೆಯವರು ಕುಣಿಗಲ್ಲಿನವರು. ಎರಡು ತಟ್ಟೆ ಬಿಟ್ಟು ಎಲ್ಲವೂ ಪಟ್ಟಿಯಲ್ಲಿದ್ದ ಹಾಗೆಯೇ ಇದ್ದವು. ಭಾಗ್ಯಳ ತಟ್ಟೆ ಕಂಬದ ಕಡೆ, ಕೆಂಪಮ್ಮನ ತಟ್ಟೆಗೆ ತಗುಲಿಕೊಂಡಿತ್ತು. ಕುಣಿಗಲ್ಲಿಗೆ ಹೋಗಬೇಕಾಗಿದ್ದ, ಮಂಡಿನೋವಿನ ಶಾರದಮ್ಮನ ತಟ್ಟೆ ಗೋಡೆ ಕಡೆ ಗುಬ್ಬಿಯವರ ನಡುವೆ ಇತ್ತು.

“ಯಾರಿಗೆ ಹೇಳಿದ್ರಿ ಅಜ್ಜಿ?” ಎಂದು ಸಿಸ್ಟರ್ ನನ್ನನ್ನು ಕೇಳಿದರು.

“ಪಟ್ಟಿ ನಾನೇ ನೋಡಿಲ್ಲ, ನಾನ್ಯಾರ್ಗೆ ಹೇಳ್ಲಿ ಸಿಸ್ಟರ್?”

ಭಾಗ್ಯಳ ತಟ್ಟೆ ಅಲ್ಲೇ ಬಿಟ್ಟರೆ ಸುಮ್ಮನೆ ಆಸೆ ಹುಟ್ಟಿಸಿದಂತೆ ಆಗುತ್ತದೆ ಎಂದು ಅವರಿಗೆ ಅನ್ನಿಸಿರಬೇಕು. ಅದನ್ನು ಆ ಕಡೆ ಇಡಲು ಬಗ್ಗಿದರು. ಕೆಂಪಮ್ಮ ಅವರ ಕೈ ಹಿಡಿದಳು. ಜೋರು ಮಾಡಲಿಲ್ಲ, ಮೆತ್ತಗೆ ಹಿಡಿದಳು.

“ಎತ್ಬ್ಯಾಡಿ ಸಿಸ್ಟರ್. ಇನ್ನೂ ಬೋರ್ಲೈತೆ.”

ಸಿಸ್ಟರ್ ಕೈ ಹಿಂದಕ್ಕೆ ತೆಗೆದುಕೊಂಡರು. ಆಸೆಪಟ್ಟು ಹಾಕಿದ್ದಾಳೆ ಪಾಪ ಎಂದುಕೊಂಡು ನಾನು ಮುದ್ದೆ ಕಟ್ಟಲು ಒಳಗೆ ಹೋದೆ. ಆಗಲೂ ನನಗೆ ವಿಶೇಷ ಏನೂ ಕಂಡಿರಲಿಲ್ಲ. ವರ್ಷಗಟ್ಟಲೆ ಜೊತೆಗಿದ್ದವಳು, ಯಾರು ಗಟ್ಟಿ ಯಾರು ಮೆತ್ತಗೆ ಎಂದು ಅವಳಿಗೂ ಗೊತ್ತಿರುತ್ತದಲ್ಲ.

ಕೊನೆಯ ಮುದ್ದೆ ಕಟ್ಟುತ್ತಿರುವಾಗ ಆಫೀಸ್ ಫೋನ್ ಹೊಡೆದುಕೊಂಡಿತು. ನಾನು ಹೋಗಿ ಸಿಸ್ಟರ್ ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಗುಬ್ಬಿಯವರು. ಆವತ್ತು ಅಲ್ಲಿ ಯಾರೋ ಒಬ್ಬ ಹೆಣ್ಣುಮಗಳು ತನ್ನ ಮಗುವಿನ ಹುಟ್ಟುಹಬ್ಬಕ್ಕೆ ಊಟ ಹಾಕಿಸಲು ಬಂದಿದ್ದಳಂತೆ. ಹೊಸದಾಗಿ ಬರುವವರೂ ಸೇರಿ ಎಷ್ಟು ಎಲೆ ಎಂದು ಕೇಳಿದಾಗ ಮ್ಯಾನೇಜರ್ ಸಿಸ್ಟರ್ ಕಳಿಸಿದ್ದ ಪಟ್ಟಿ ತೆಗೆದರಂತೆ. ಕಾಗದದ ಕೆಳಗಡೆ ಕುಣಿಗಲ್ಲಿಗೆ ಹೋಗುವವರ ಹೆಸರೂ ಇತ್ತು, ತಂದೆಯ ಹೆಸರು, ಊರಿನ ಸಮೇತ. ಅದರ ಮೇಲೆ ಆ ಹೆಣ್ಣುಮಗಳ ಕಣ್ಣು ಬಿತ್ತು. ಈ ಶಾರದಮ್ಮ ನಮ್ಮ ಸೋದರತ್ತೆ, ಬದುಕಿಲ್ಲ ಎಂದುಕೊಂಡಿದ್ದೆವು ಎಂದು ಅಲ್ಲೇ ಕೂತುಬಿಟ್ಟಳಂತೆ. ಅವಳ ಮನೆ ಗುಬ್ಬಿಯಲ್ಲೇ. ಅತ್ತೆಯನ್ನು ಇಲ್ಲಿಗೇ ಕಳಿಸಿ, ದಿನಾ ಬಂದು ನಾನೇ ನೋಡಿಕೊಳ್ಳುತ್ತೇನೆ ಎಂದು ಹಿಡಿದ ಪಟ್ಟು ಬಿಡಲಿಲ್ಲವಂತೆ. ನಮ್ಮಲ್ಲಿ ಖಾಲಿ ಇರುವುದು ಹತ್ತೇ ಮಂಚ, ಶಾರದಮ್ಮ ಬಂದರೆ ನಮ್ಮ ಪಟ್ಟಿಯ ಒಬ್ಬರನ್ನು ಕುಣಿಗಲ್ಲಿಗೆ ಕಳಿಸಲು ಆಗುತ್ತದೆಯೇ ಎಂದು ಮ್ಯಾನೇಜರ್ ಕೇಳಿದರು.

ಸಿಸ್ಟರ್ ಫೋನ್ ಹಿಡಿದುಕೊಂಡೇ ಜಗಲಿಯ ಕಡೆ ನೋಡಿದರು. ಆಗುತ್ತದೆ ಎಂದು ಹೇಳಿ ಎಂದು ನಾನೇ ಕಿರುಚಿದೆ.

ಶಾರದಮ್ಮನಿಗೆ ಹೇಳಿದಾಗ ಅವಳು, “ಅಣ್ಣನ ಮಗ್ಳು ಪುಟ್ಟಿನಾ? ಅದ್ರ ಮೂಗು ಯಾವಾಗ್ಲೂ ಸುರೀತಿತ್ತು. ಈಗ್ಲಾದ್ರೂ ಒರಸ್ಕತ್ತಾಳಾ?” ಎಂದು ಕೇಳಿದಳು. ಎಲ್ಲರೂ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಕೂತು ತಟ್ಟೆ ಮಗುಚಿದರು. ಭಾಗ್ಯ ಕೆಂಪಮ್ಮನ ಪಕ್ಕ ಕೂತು ತನ್ನದನ್ನು ಮಗುಚಿದಳು. ನಾನು ಮುದ್ದೆ ಇಟ್ಟೆ. ಕೆಂಪಮ್ಮ ತುತ್ತು ಮುರಿದಳು. ಅವಳ ಮುಖದಲ್ಲಿ ಗೆದ್ದೆ ಎನ್ನುವುದಾಗಲಿ, ಆಶ್ಚರ್ಯವಾಗಲಿ ಏನೂ ಇರಲಿಲ್ಲ. ದಿನದ ಹಾಗೆಯೇ ಇದ್ದಳು.

ಸಂಜೆ ನಾಲ್ಕಕ್ಕೆ ಎರಡು ವ್ಯಾನು ಹೊರಟವು. ಪಾತ್ರೆಗಳನ್ನು ತುಂಬಿಸುವಾಗ ನನ್ನ ಸೊಟ್ಟ ತಟ್ಟೆ ಸಿಗಲಿಲ್ಲ. ಹಳೇ ಸಾಮಾನು ಕೊಳ್ಳಲು ಬಂದಿದ್ದ ಗುಜರಿಯವನು ಹೊತ್ತುಕೊಂಡು ಹೋಗಿರಬೇಕು ಎಂದುಕೊಂಡು ಬೈದು ಸುಮ್ಮನಾದೆ.

ಆಮೇಲೆ ಕೂತು ಯೋಚಿಸಿದ್ದೇನೆ. ಪಟ್ಟಿ ಕೆಂಪಮ್ಮನ ಕೈಗೆ ಸಿಕ್ಕಿತ್ತು ಎಂದರೆ ಅವಳಿಗೆ ಓದು ಬಾರದು. ಯಾರಾದರೂ ಓದಿ ಹೇಳಿದರು ಎನ್ನೋಣ. ಭಾಗ್ಯಳನ್ನು ಆಸೆಯಿಂದ ಪಕ್ಕಕ್ಕೆ ಇಟ್ಟುಕೊಂಡಳು, ಅದನ್ನೂ ಒಪ್ಪಿದೆ. ಆದರೆ ಅವಳ ಜಾಗಕ್ಕೆ ಶಾರದಮ್ಮನನ್ನೇ ಏಕೆ ಇಟ್ಟಳು? ಕುಣಿಗಲ್ಲಿನ ಪಟ್ಟಿಯಲ್ಲಿ ಇನ್ನೂ ಏಳು ಜನ ಇದ್ದರಲ್ಲ? ಫೋನ್ ಬಂದದ್ದು ತಟ್ಟೆ ಹಾಕಿ ಅರ್ಧ ಗಂಟೆಯ ಮೇಲೆ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿರುವ ನನ್ನ ಮಗ, “ಅದೆಲ್ಲ ಕೋ-ಇನ್ಸಿಡೆನ್ಸು ಕಣಮ್ಮ, ಬುಡು,” ಎಂದ. ಹಾಗೆಂದರೇನೋ ಎಂದೆ. ಯಾಕೆ ಆಯ್ತು ಅಂತ ಗೊತ್ತಾಗದೇ ಇರೋದಕ್ಕೆ ಹಾಗಂತಾರೆ ಎಂದ. ಗೊತ್ತಿಲ್ಲ ಎನ್ನುವುದನ್ನು ನಾನು ಇಂಗ್ಲಿಷ್ ಇಲ್ಲದೆಯೂ ಹೇಳಬಲ್ಲೆ.

ಮೂರು ತಿಂಗಳಾದ ಮೇಲಿನ ಮಾತು. ಅವರೆಕಾಯಿ ತರಲು ಮಾರ್ಕೆಟ್ಟಿಗೆ ಎಂದು ಮನೆ ಬಿಟ್ಟವಳು ಸ್ಟಾಪಿನಲ್ಲಿ ಕುಣಿಗಲ್ ಬಸ್ಸು ಬಂದು ನಿಂತದ್ದು ನೋಡಿ ಹತ್ತಿಬಿಟ್ಟೆ. ಯಾರಿಗೂ ಹೇಳಿರಲಿಲ್ಲ. ಹತ್ತುವವರೆಗೆ ನನಗೇ ಗೊತ್ತಿರಲಿಲ್ಲ. ಆಶ್ರಯಮನೆ ತಲುಪಿದಾಗ ಊಟದ ಹೊತ್ತು. ಅಲ್ಲಿಯೂ ಜಗಲಿ, ಅಲ್ಲಿಯೂ ಬೋರಲು ಹಾಕಿದ ತಟ್ಟೆಗಳ ಸಾಲು. ಬಂದ ವಾರದಲ್ಲೇ ಕೆಂಪಮ್ಮ ಅಲ್ಲಿನ ಅಡುಗೆಯವಳಿಗೂ ಪಾಠ ಕಲಿಸಿದ್ದಳಂತೆ. ಭಾಗ್ಯ ಸ್ವಲ್ಪ ದಪ್ಪಗಾಗಿದ್ದಳು. ಕೆಂಪಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ತಡ ಮಾಡ್ದೆ. ಕೂತ್ಕೋ,” ಎಂದಳು.

ಸಾಲಿನ ಕೊನೆಯಲ್ಲಿ, ಅಡುಗೆಮನೆ ಬಾಗಿಲ ಪಕ್ಕ, ಒಂದು ಕಡೆ ಸೊಟ್ಟಗಾದ ತಟ್ಟೆ ಬೋರಲು ಬಿದ್ದಿತ್ತು.

ಅದನ್ನು ದಿನಾ ಹಾಕುತ್ತಿದ್ದಳೋ, ಆವತ್ತೊಂದೇ ದಿನ ಹಾಕಿದ್ದಳೋ, ಅಲ್ಲಿನ ಅಡುಗೆಯವಳನ್ನು ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಅವಳು ಸೌಟು ಹಿಡಿದು ನನ್ನ ಎದುರಿಗೇ ನಿಂತಿದ್ದಳು. ಯಾವುದನ್ನೂ ಕೇಳದೆ ಬಿಡುವ ಹೆಂಗಸಲ್ಲ ನಾನು. ಆದರೂ ಕೇಳಲಿಲ್ಲ. ತಟ್ಟೆ ಮಗುಚಿ ಕೂತೆ.