ಚಿಲ್ಲರೆಯಣ್ಣನವರ ಮಾದರಿ ನಾಣ್ಯ

ಕಾಸು ಹಾಕಿ ಜನ ತಮ್ಮ ಕಾರನ್ನು ತಾವೇ ತೊಳೆದುಕೊಳ್ಳುವ ಆ ಅಂಕಣಗಳಲ್ಲಿ, ನಾಣ್ಯವೊಂದು ಪೆಟ್ಟಿಗೆಯ ಸೀಳಿನೊಳಗೆ ಜಾರಿ, ಒಳಗೆಲ್ಲೋ 'ಟಕ್' ಎಂದು ಒಪ್ಪಿಗೆಯ ಸಣ್ಣ ಸದ್ದಾಗಿ, ಕೊಳವೆಯ ತುದಿಯಿಂದ ನೀರು ಚಿಮ್ಮುವ ಗಳಿಗೆಯನ್ನು ಯಾರೂ ಮನಸ್ಸಿಟ್ಟು ಗಮನಿಸುವುದಿಲ್ಲ. ನೀರು ಬಂತು, ಕಾರು ತೊಳೆದಾಯಿತು, ಮನೆಗೆ ಹೋದರಾಯಿತು. ಆ ಸಣ್ಣ ಸದ್ದಿಗೆ ತಮ್ಮ ವೃತ್ತಿಜೀವನವನ್ನೆಲ್ಲ ಮುಡಿಪಾಗಿಟ್ಟವರು, ನಾಣ್ಯಪೆಟ್ಟಿಗೆಗಳನ್ನು ಕೂರಿಸಿ ಸಲಹುವ ಕೆಲಸದಲ್ಲಿ ಹಿರಿಯರೂ ಕಿರಿಯರೂ ಸಮನಾಗಿ ಗೌರವಿಸುವ ಮಾನ್ಯರು, ಈಗ ಸೇವೆಯಿಂದ ನಿವೃತ್ತರಾಗಿದ್ದಾರೆ. ಜೇಬಿನಲ್ಲಿ ಸದಾ ಝಣಝಣ ಸದ್ದಿದ್ದುದರಿಂದ ಯಾರೋ ಗೇಲಿಗೆಂದು ಅವರನ್ನು ಚಿಲ್ಲರೆಯಣ್ಣ ಎಂದು ಕರೆದರಂತೆ. ಕರೆದವರು ಮರೆತುಹೋದರು, ಹೆಸರು ಉಳಿಯಿತು. ಅವರ ಮನೆಯವರೇ ಒಮ್ಮೆ ಕಾರ್ಯಾಗಾರಕ್ಕೆ ಫೋನು ಮಾಡಿ "ಚಿಲ್ಲರೆಯಣ್ಣ ಇದ್ದಾರಾ?" ಎಂದು ಕೇಳಿದ್ದುಂಟು.

ಅವರ ಕೀಲಿಗೊಂಚಲನ್ನು ಈಗ ಹೊತ್ತಿರುವ ಸಹೋದ್ಯೋಗಿ, ಅಂದರೆ ಈ ಲೇಖನ ಬರೆಯುತ್ತಿರುವವಳು, ಕೆಲಸಕ್ಕೆ ಸೇರಿದ ಹೊಸತರಲ್ಲೇ ಒಂದು ಎಡವಟ್ಟು ಮಾಡಿದ್ದಳು. ಈ ಪೆಟ್ಟಿಗೆಗೆ ಓದುಬರಹ ತಿಳಿಯದು. ಅದರ ಹೊಟ್ಟೆಯೊಳಗೆ ಅಸಲಿ ನಾಣ್ಯವೊಂದನ್ನು ಕಾಯಂ ಆಗಿ ಕೂರಿಸಿರುತ್ತಾರೆ. ಅದೇ ಮಾದರಿ ನಾಣ್ಯ. ಹೊರಗಿನಿಂದ ಬಿದ್ದದ್ದು ಅದನ್ನು ಹೋಲಿದರೆ ನೀರು, ಹೋಲದಿದ್ದರೆ ಕೆಳಗಿನ ಬಟ್ಟಲಿಗೆ ವಾಪಸ್ಸು. ಅವಳು ಚೆಂದವಾಗಿರಲಿ ಎಂದು ಥಳಥಳಿಸುವ ಹೊಸ ನಾಣ್ಯವನ್ನು ಆರಿಸಿ ಕೂರಿಸಿದ್ದಳು. ಮಧ್ಯಾಹ್ನದ ಹೊತ್ತಿಗೆ ಆ ಅಂಕಣದ ಮುಂದೆ ನೊರೆ ಮೆತ್ತಿದ ಕಾರುಗಳು ಸಾಲುಗಟ್ಟಿ, ಪೆಟ್ಟಿಗೆ ಎಲ್ಲರ ಕಾಸನ್ನೂ ಉಗುಳುತ್ತ ನಿಂತಿತ್ತು. ಅಣ್ಣ ಬಂದು ಮುಚ್ಚಳ ತೆಗೆದು ನೋಡಿದರು. ಬೈಯಲಿಲ್ಲ.

"ನೋಡಮ್ಮಾ, ಜನರ ಜೇಬಲ್ಲಿ ಇರೋದು ಸವೆದ ಕಾಸು. ಒಳಗೆ ಕೂತೋನು ಮದುಮಗನ ಥರ ಮಿಂಚ್ತಾ ಇದ್ರೆ ಹೊರಗಿನೋರನ್ನ ಹೇಗೆ ಗುರುತು ಹಿಡೀತಾನೆ?" ಎಂದು ತಮ್ಮ ಜೇಬಿನಿಂದ ಹತ್ತಾರು ಕೈ ದಾಟಿ ಬಂದ ನಾಣ್ಯವೊಂದನ್ನು ತೆಗೆದು ಕೂರಿಸಿದರು. ಸವೆದದ್ದನ್ನೇ ಕೂರಿಸಬೇಕೆಂಬುದು ಅವರ ನೇಮ. ಅದಕ್ಕಾಗಿಯೇ ಆ ಜೇಬಿನ ಝಣಝಣ.

ಅವರ ದಯೆಯ ಕೆಲಸಗಳು ಇಂಥವೇ, ಕಣ್ಣಿಗೆ ಬೀಳದಂಥವು. ವಯಸ್ಸಾದವರೊಬ್ಬರು ಕಾರಿಗೆ ನೊರೆ ಬಳಿದು ಮುಗಿಸುವಷ್ಟರಲ್ಲಿ ನೀರಿನ ಸಮಯ ತೀರಿ, ಸೋಪಿನ ಕೈಯಲ್ಲಿ ಚಿಲ್ಲರೆಗೆ ತಡಕಾಡುವುದನ್ನು ನೋಡಿದ ದಿನದಿಂದ, ಅಂಕಣದ ಮಾಲೀಕರನ್ನೆಲ್ಲ ಒಬ್ಬೊಬ್ಬರಾಗಿ ಒಪ್ಪಿಸಿ, ಪೆಟ್ಟಿಗೆಯ ಗಡಿಯಾರ ನಿಂತ ಮೇಲೂ ಒಂದಿಷ್ಟು ನೀರು ಹರಿಯುವಂತೆ ಮಾಡಿಸಿದವರು ಅವರೇ. ಆ ಕೊಸರು ನೀರಿಗೆ ನಾವಿಂದಿಗೂ ಅಣ್ಣನ ಪಾಲು ಎನ್ನುತ್ತೇವೆ.

ಇನ್ನು ಅವರ ತಾಳ್ಮೆಯ ಪರಿಶೀಲನೆ. ಊರಿನ ಯಾವ ಮೂಲೆಯ ಪೆಟ್ಟಿಗೆಯೇ ಇರಲಿ, ಸೀಳಿಗೆ ಮಣ್ಣು ಕಟ್ಟಿದ್ದರೂ ಸಾಕು, ಅಣ್ಣ ಒಳಗಿನ ಮಾದರಿ ನಾಣ್ಯದವರೆಗೂ ಬಿಚ್ಚಿ, ಅದನ್ನು ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಸವರಿ, ನಿಟ್ಟುಸಿರುಬಿಟ್ಟು ಮರಳಿ ಕೂರಿಸುತ್ತಿದ್ದರು. ಕಂಪನಿಯವರು ಇದನ್ನು ಕರ್ತವ್ಯನಿಷ್ಠೆಯೆಂದು ಕೊಂಡಾಡಿ ಒಂದು ಫಲಕವನ್ನೂ ಕೊಟ್ಟರು. ಫಲಕ ಹಿಡಿದು ನಿಂತ ಫೋಟೋದಲ್ಲಿ ಅಣ್ಣನ ಮುಖ ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಇದೆ. ಕಂಪನಿಯಲ್ಲಿ ಕಾರಣ ಗೊತ್ತಿದ್ದದ್ದು ಅವರೊಬ್ಬರಿಗೇ. ಅವರು ಹುಡುಕುತ್ತಿದ್ದುದು ತಮ್ಮದೇ ಒಂದು ನಾಣ್ಯವನ್ನು.

ಅದರ ಕಥೆ ಅವರ ಯೌವನದ್ದು. ತಂದೆಯ ಟ್ಯಾಕ್ಸಿ ತೊಳೆಯಲು ಬಂದಿದ್ದ ಹೆಣ್ಣುಮಗಳೊಬ್ಬಳ ನಾಣ್ಯ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿತು. ಸಂಜೆಯ ಬಿಸಿಲು ಪಕ್ಕದ ಅಂಕಣದ ತುಂತುರಿನೊಳಗೆ ಹಾದು ಗಾಳಿಯಲ್ಲಿ ಬಣ್ಣಗಳು ತೇಲುತ್ತಿದ್ದವು. ನೊರೆಯ ಚೂರುಗಳು ಹಾರಿ ಬಂದು ಅವಳ ಕೂದಲ ಮೇಲೆ ಕೂರುತ್ತಿದ್ದವು. ಅಣ್ಣ ಚಿಮಟದಿಂದ ನಾಣ್ಯವನ್ನು ಎಳೆದರು. ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತೆಂದು ಅವರಿಗೆ ಆಗಲೇ ಅನಿಸಿತ್ತಂತೆ. ಕೊನೆಗೆ ಅಂಚಿನಲ್ಲಿ ಒಂದು ಗೀರು ಬಿದ್ದು ಅದು ಈಚೆ ಬಂತು. ಅವಳಿಗೆ ಬೇರೊಂದನ್ನು ಕೊಟ್ಟು ಅದನ್ನು ತಾವಿಟ್ಟುಕೊಂಡರು. ಅವಳನ್ನೇ ಮದುವೆಯಾದ ದಿನ ಪುಟ್ಟ ಡಬ್ಬಿಯಲ್ಲಿಟ್ಟು ಹಿಂದಿರುಗಿಸಿದರು. ಆ ಡಬ್ಬಿ ನಮ್ಮ ಅತ್ತಿಗೆಯವರ ಹೊಲಿಗೆಯ ಪೆಟ್ಟಿಗೆ ಸೇರಿತು.

ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಡಬ್ಬಿಯ ಮುಚ್ಚಳ ಕಿತ್ತುಬಂತು. ನಾಣ್ಯ ಎಲ್ಲಿ ಬಿದ್ದುಹೋಗುವುದೋ ಎಂದು ಅಣ್ಣ ಅದನ್ನು ಜೇಬಿಗೆ ಹಾಕಿಕೊಂಡರು. ಅಲ್ಲೇ ಕೆಟ್ಟಿತು. ಅಂದು ಕಾರ್ಯಾಗಾರದ ಮೇಜಿನ ಮೇಲೆ ಹೊಸ ಪೆಟ್ಟಿಗೆಗಳ ಸಾಲೇ ಕಾದಿತ್ತು. ಕೈ ತನ್ನ ಪಾಡಿಗೆ ಜೇಬಿಗಿಳಿಯಿತು, ಸವೆದದ್ದನ್ನು ಹುಡುಕಿ ತೆಗೆಯಿತು, ಕೂರಿಸಿತು. ಪೆಟ್ಟಿಗೆಗಳು ಊರಿನ ದಿಕ್ಕುದಿಕ್ಕಿಗೆ ಹೋದವು. ಸಂಜೆ ಜೇಬು ತಡವಿದಾಗ ಗೀರಿನ ನಾಣ್ಯ ಇರಲಿಲ್ಲ. ಮನೆಯಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಮೇಜಿನ ಮೇಲೆ ಉಳಿದಿದ್ದ ನಾಣ್ಯವೊಂದಕ್ಕೆ ಚಿಮಟದಿಂದಲೇ ಗೀರು ಎಳೆದು, ದುರಸ್ತಿಯಾದ ಡಬ್ಬಿಯಲ್ಲಿಟ್ಟು, ಸುಮ್ಮನಾದರು. ಅಂದಿನಿಂದ ಹುಡುಕಾಟ. ಕನಸಿನಲ್ಲೂ ಪೆಟ್ಟಿಗೆ ಬಿಚ್ಚುತ್ತಿದ್ದರಂತೆ. ಬಿಚ್ಚಿದ ಪ್ರತಿ ಪೆಟ್ಟಿಗೆಯೊಳಗೂ ಅದೇ ಸಂಜೆ, ಅದೇ ನೊರೆ, ನಾಣ್ಯ ಮಾತ್ರ ಇಲ್ಲ.

ನಿವೃತ್ತಿ ಸಮೀಪಿಸಿತು. ಕೀಲಿ ಒಪ್ಪಿಸಿದ ಮೇಲೆ ಯಾವ ಪೆಟ್ಟಿಗೆಯನ್ನೂ ಅವರು ಬಿಚ್ಚುವಂತಿಲ್ಲ. ಕೊನೆಯ ವಾರ ಊಟ ಸೇರದೆ ತಟ್ಟೆಯ ಮುಂದೆ ಕೂತಿದ್ದವರನ್ನು ನೋಡಿ, ಬಟ್ಟೆ ಮಡಚುತ್ತಿದ್ದ ಅತ್ತಿಗೆ ತಲೆಯೆತ್ತದೆ ಕೇಳಿದರು:

"ರೀ, ಇನ್ನೂ ಸಿಗಲಿಲ್ವಾ ಅದು?"

"ಯಾವುದು?"

"ಊರಿಗೆಲ್ಲ ಸವೆದ ಕಾಸು ಹಾಕಿ ಅಂತ ಪಾಠ ಹೇಳೋರು, ನನ್ನ ಡಬ್ಬೀಲಿ ಮಾತ್ರ ಫಳಫಳ ಅನ್ನೋದನ್ನ ಇಟ್ಟಿದ್ದೀರಲ್ಲ. ಅವತ್ತೇ ಗೊತ್ತಾಯ್ತು. ನೀವೇ ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ."

ಅಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹೊಸಬರೆಲ್ಲ ಮಾಡುವ ತಪ್ಪನ್ನು, ತಾವು ಹೊಸಬರಿಗೆಲ್ಲ ತಿದ್ದಿ ಹೇಳಿದ ತಪ್ಪನ್ನು, ತಮ್ಮ ಮನೆಯಲ್ಲೇ ಮಾಡಿಟ್ಟಿದ್ದರು. ಅತ್ತಿಗೆ ಮಾತ್ರ ಮಡಚುವುದನ್ನು ನಿಲ್ಲಿಸಲಿಲ್ಲ.

"ಕೆಟ್ಟಿದ್ದನ್ನೆಲ್ಲ ಬಿಚ್ಚಿ ನೋಡಿದ್ರಿ. ಕೆಡದೇ ಇರೋದು ಯಾವುದಾದ್ರೂ ಇದೆಯಾ?"

ಒಂದಿತ್ತು. ಹಳೆಯ ರಸ್ತೆಯ ಕೊನೆಯಲ್ಲಿ ಅಜ್ಜಿಯೊಬ್ಬರು ನಡೆಸುವ ಅಂಕಣ. ಅಲ್ಲಿಂದ ಒಂದು ದೂರೂ ಬಂದಿರಲಿಲ್ಲ. ಪರಿಶೀಲನೆಗೆಂದು ಹೋದಾಗಲೆಲ್ಲ ಅಜ್ಜಿ "ಚೆನ್ನಾಗಿರೋದರ ಹೊಟ್ಟೆ ಯಾಕಪ್ಪಾ ಬಗೀತೀಯಾ? ಕೆಟ್ಟಾಗ ಕರೀತೀನಿ ಹೋಗು" ಎಂದು ಬಾಗಿಲಿಂದಲೇ ಕಳಿಸುತ್ತಿದ್ದರು. ನಿಜವಾದ ಕಾರಣ ಹೇಳಲು ಅಣ್ಣನಿಗೆ ನಾಚಿಕೆ.

ಕೊನೆಯ ದಿನ ಮೂವರೂ ಅಲ್ಲಿಗೆ ಹೋದರು, ಅಣ್ಣ, ಅತ್ತಿಗೆ, ಈ ಸಹೋದ್ಯೋಗಿ. ಅತ್ತಿಗೆ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದರು. ಅಜ್ಜಿ ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟೇನಾ? ಮೊದಲೇ ಬಾಯಿ ಬಿಟ್ಟು ಹೇಳಬಾರದಿತ್ತಾ, ಮಹಾರಾಯ?" ಎಂದರು.

ಮುಚ್ಚಳ ತೆರೆಯಿತು. ಅಣ್ಣ ಮಾದರಿ ನಾಣ್ಯವನ್ನು ತೆಗೆದು, ನೋಡಲು ಧೈರ್ಯ ಸಾಲದೆ, ಅಂಚನ್ನು ಉಗುರಿನಿಂದ ಸವರಿದರು. ಉಗುರು ಗೀರಿಗೆ ಸಿಕ್ಕಿ ನಿಂತಿತು. ಅವರ ಕಣ್ಣು ತುಂಬಿಬಂತು. ಅದನ್ನು ಅತ್ತಿಗೆಯ ಅಂಗೈಯಲ್ಲಿಟ್ಟು, ಪೆಟ್ಟಿಗೆಗೆ ಬೇರೊಂದನ್ನು ಕೂರಿಸಲು ಜೇಬಿಗೆ ಕೈ ಹಾಕಿದರು. ಅತ್ತಿಗೆ ಆ ಕೈಯನ್ನು ಹಿಡಿದರು.

"ಬೇಡ ರೀ. ಇದು ಇಲ್ಲೇ ಇರಲಿ. ಕಾರು ತೊಳೆಯೋ ನೆಪದಲ್ಲಿ ವಾರ ವಾರ ಬರಬಹುದು."

"ಮತ್ತೆ ಡಬ್ಬಿಗೆ?"

"ಡಬ್ಬೀಲಿ ಇದೆಯಲ್ಲ. ನೀವು ಅಷ್ಟೊಂದು ಹೆದರಿಕೊಂಡು ಇಟ್ಟಿದ್ದು. ಅದನ್ನ ಬಿಟ್ಟುಕೊಡೋಕೆ ನಂಗೆ ಮನಸ್ಸಿಲ್ಲ."

ಅಣ್ಣ ನಾಣ್ಯವನ್ನು ಅದರ ಜಾಗದಲ್ಲಿ ಕೂರಿಸಿ, ಬೀಗ ಹಾಕಿ, ಕೀಲಿಗೊಂಚಲನ್ನು ಸಹೋದ್ಯೋಗಿಯ ಕೈಗಿತ್ತರು. ಆಮೇಲೆ ಒಂದು ವಿಚಿತ್ರ ನಡೆಯಿತು. ಇಷ್ಟು ಕಾಲ ಕೀಲಿಯಿಂದಲೇ ನೀರು ಬಿಟ್ಟು ಪರೀಕ್ಷಿಸಿದವರು, ಗಿರಾಕಿಯಾಗಿ ಎಂದೂ ಕಾಸು ಹಾಕದವರು, ಪೆಟ್ಟಿಗೆಯ ಎದುರು ಹೊಸಬರಂತೆ ನಿಂತು ಜೇಬಿನಿಂದ ಒಂದು ನಾಣ್ಯ ತೆಗೆದು ಸೀಳಿಗೆ ಹಾಕಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆಂದು ಅವರೇ ನಮಗೆಲ್ಲ ಹೇಳಿಕೊಟ್ಟ ಆ ಗಳಿಗೆ ಅಂದು ಬಹಳ ದೀರ್ಘವಾಗಿತ್ತು. ಸೀಳಿಗೆ ಕಿವಿಗೊಟ್ಟು ಕಾದರು. ಒಳಗೆ 'ಟಕ್' ಎಂದಿತು. ನೀರು ಬಂತು, ತುಂತುರು ಎದ್ದಿತು, ಇಳಿಬಿಸಿಲಿನ ಬಣ್ಣಗಳು ಅತ್ತಿಗೆಯ ನರೆತ ಕೂದಲ ಸುತ್ತ ತೇಲತೊಡಗಿದವು.

ಮಾನ್ಯರಿಗೆ ಆಯುರಾರೋಗ್ಯಗಳು ದೊರೆಯಲಿ, ಅವರ ಕಾರಿಗೆ ವಾರ ವಾರವೂ ಧೂಳು ಮೆತ್ತಲಿ. ಒಳಗೆ ಕೂತಿರುವ ಆ ಸವೆದ ನಾಣ್ಯ ಇನ್ನೂ ಬಹುಕಾಲ ಅವರಿಬ್ಬರನ್ನೂ ಗುರುತು ಹಿಡಿದು ನೀರು ಬಿಡುತ್ತಿರಲಿ. ಸಮಯ ತೀರಿದ ಮೇಲೂ, ಅಣ್ಣನ ಪಾಲು ಇದ್ದೇ ಇದೆ.